ನಿಧಾನ ಬಿಡುಗಡೆಯ ಪ್ಯಾರಾಸಿಟಮಾಲ್: ವಿಷಬಾಧೆ ಮತ್ತು ಚಿಕಿತ್ಸೆಯ ಇತಿಹಾಸ

ನಿಧಾನ ಬಿಡುಗಡೆಯ ಪ್ಯಾರಾಸಿಟಮಾಲ್ ಕೀಲುಸವೆತದಂಥ ದೀರ್ಘಕಾಲದ ನೋವಿಗೆ ಬಳಸುವ ಮಾತ್ರೆ. ಔಷಧದ ಒಂದು ಭಾಗ ಬೇಗನೆ ಕರಗಿದರೆ, ಉಳಿದದ್ದು ಹಲವು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ.

ಯಕೃತ್ತಿನ ಹಾನಿ. ಪ್ಯಾರಾಸಿಟಮಾಲ್ ಅತಿಯಾದರೆ ಯಕೃತ್ತು ಹಾಳಾಗುತ್ತದೆಂಬ ವರದಿ ಬ್ರಿಟನ್ನಿನಲ್ಲಿ 1966ರಲ್ಲಿ ಪ್ರಕಟವಾಯಿತು. ಇದರ ಕಾರಣವನ್ನು 1973ರಲ್ಲಿ ಅಮೆರಿಕದ ಸಂಶೋಧಕ ಜೆರ್ರಿ ಮಿಚೆಲ್ ಮತ್ತು ಸಂಗಡಿಗರು ವಿವರಿಸಿದರು. ಔಷಧದ ಒಂದಂಶ ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ. ಅದನ್ನು ಯಕೃತ್ತಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು ತಟಸ್ಥಗೊಳಿಸುತ್ತದೆ. ಗ್ಲುಟಾಥಯೋನ್ ಸಂಗ್ರಹ ಬರಿದಾದಾಗ ಜೀವಕೋಶಗಳು ಸಾಯತೊಡಗುತ್ತವೆ.

ಪ್ರತಿವಿಷ. ಸೇವನೆಯ ನಾಲ್ಕು ಗಂಟೆಗಳ ನಂತರದ ರಕ್ತಪರೀಕ್ಷೆಯಿಂದ ಅಪಾಯವನ್ನು ಅಳೆಯುವ ನಕ್ಷೆಯನ್ನು ವೈದ್ಯರಾದ ರೂಮ್ಯಾಕ್ ಮತ್ತು ಮ್ಯಾಥ್ಯೂ 1975ರಲ್ಲಿ ಪ್ರಕಟಿಸಿದರು. ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ತಂಡ 1970ರ ದಶಕದ ಕೊನೆಯಲ್ಲಿ ಪ್ರತಿವಿಷವಾಗಿ ಅಸಿಟೈಲ್‌ಸಿಸ್ಟೀನನ್ನು ರಕ್ತನಾಳದ ಮೂಲಕ ಕೊಟ್ಟು, ಎಂಟು ಗಂಟೆಗಳೊಳಗೆ ಆರಂಭಿಸಿದರೆ ಯಕೃತ್ತನ್ನು ಬಹುಪಾಲು ಕಾಪಾಡಬಹುದೆಂದು ತೋರಿಸಿತು.

ಹೊಸ ಮಾತ್ರೆ, ಹೊಸ ತೊಡಕು. ಆ ನಕ್ಷೆ ರೂಪುಗೊಂಡದ್ದು ಬೇಗ ಕರಗುವ ಮಾತ್ರೆಗಳಿಗಾಗಿ. 1990ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಎರಡು ಪದರಗಳ 650 ಮಿಲಿಗ್ರಾಂ ಮಾತ್ರೆ ಬಂದಿತು; ಆಸ್ಟ್ರೇಲಿಯಾ ಮತ್ತು ಯುರೋಪಿನಲ್ಲಿ 665 ಮಿಲಿಗ್ರಾಂ ಮಾತ್ರೆಗಳು ಬಳಕೆಗೆ ಬಂದವು. ಇವು ಮಿತಿಮೀರಿ ಹೊಟ್ಟೆ ಸೇರಿದಾಗ ಒಂದಕ್ಕೊಂದು ಅಂಟಿ ಮುದ್ದೆಯಾಗಿ, ಇನ್ನಷ್ಟು ತಡವಾಗಿ ಕರಗಬಹುದು. ರಕ್ತದಲ್ಲಿನ ಮಟ್ಟ ತಡವಾಗಿ ಏರುತ್ತದೆ, ಕೆಲವೊಮ್ಮೆ ಇಳಿದು ಮತ್ತೆ ಏರುತ್ತದೆ. ಮೊದಲ ಪರೀಕ್ಷೆಯಲ್ಲಿ ಕಡಿಮೆ ಕಂಡ ಅಂಕಿಯನ್ನು ನಂಬಿ ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ಹೀಗಾಗಿ ಪ್ರತಿವಿಷವನ್ನು ಕೂಡಲೇ ಆರಂಭಿಸುವುದು, ರಕ್ತವನ್ನು ಮರುಪರೀಕ್ಷಿಸುವುದು, ಅಗತ್ಯವಿದ್ದರೆ ಚಿಕಿತ್ಸೆಯನ್ನು ಮುಂದುವರಿಸುವುದು ರೂಢಿಗೆ ಬಂದವು.

ನಿಯಂತ್ರಣ. ಸ್ವೀಡನ್ನಿನ ವಿಷಚಿಕಿತ್ಸಾ ತಜ್ಞರ ಅನುಭವ ಯುರೋಪಿನ ಔಷಧ ಸಂಸ್ಥೆಯ ಪರಿಶೀಲನೆಗೆ ದಾರಿಮಾಡಿತು. ಈ ಮಾತ್ರೆಗಳ ಮಾರಾಟ ಪರವಾನಗಿಯನ್ನು ಅಮಾನತಿನಲ್ಲಿಡಬೇಕೆಂದು 2017ರಲ್ಲಿ ಶಿಫಾರಸಾಯಿತು; 2018ರಲ್ಲಿ ಅದು ಜಾರಿಗೆ ಬಂದಿತು. ಆಸ್ಟ್ರೇಲಿಯಾ 2020ರ ಜೂನ್‌ನಿಂದ, ಔಷಧಿ ಅಂಗಡಿಯ ಫಾರ್ಮಸಿಸ್ಟ್‌ರನ್ನು ಕೇಳಿಯೇ ಇವನ್ನು ಪಡೆಯಬೇಕೆಂದು ನಿಯಮ ಮಾಡಿತು.

ಎಚ್ಚರಿಕೆ. ಮೊದಲ ದಿನ ವಾಕರಿಕೆಯಷ್ಟೇ ಇರಬಹುದು, ಅದೂ ಇಲ್ಲದಿರಬಹುದು. ಯಕೃತ್ತಿನ ಹಾನಿ ಆಮೇಲೆ ಬಯಲಾಗುತ್ತದೆ. ಆದ್ದರಿಂದ ಮಿತಿಮೀರಿದ ಸೇವನೆಯ ಅನುಮಾನ ಬಂದ ಕೂಡಲೇ, ಆರೋಗ್ಯವಾಗಿರುವಂತೆ ಕಂಡರೂ, ಮಾತ್ರೆಯ ಪೊಟ್ಟಣದೊಂದಿಗೆ ಆಸ್ಪತ್ರೆಗೆ ಹೋಗಬೇಕು. ಅದು ಯಾವ ಬಗೆಯ ಮಾತ್ರೆ ಎಂಬುದರ ಮೇಲೂ ಚಿಕಿತ್ಸೆಯ ಅವಧಿ ನಿಂತಿದೆ.