ಬಂಕಾಪುರದ ಕಂದಕ

ನಮ್ಮ ಐರಣಿಯಲ್ಲಿಯೂ ಒಂದು ಕೋಟೆಯುಂಟು. ಆದರೆ ಕೋಟೆಯೊಂದು ಎಷ್ಟು ಬಗೆಯಲ್ಲಿ ಬಾಳಬಲ್ಲದೆಂಬುದನ್ನು ತಿಳಿಯಲು ನಾನು ಹಾವೇರಿ ಸೀಮೆಯ ಬಂಕಾಪುರವನ್ನೇ ನೆನೆಯುತ್ತೇನೆ.

ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಊರಿದು. ಅವನ ಮಗ ಲೋಕಾದಿತ್ಯನ ಆಳ್ವಿಕೆಯಲ್ಲಿ, ಕ್ರಿ.ಶ. 898ರಲ್ಲಿ, ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಇಲ್ಲಿ ಪೂಜೆ ಸಂದಿತು. ರನ್ನನ ಗುರುಗಳಾದ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗದೊರೆ ಮಾರಸಿಂಹನು ಸಲ್ಲೇಖನದಿಂದ ದೇಹವಿಟ್ಟದ್ದೂ ಇಲ್ಲಿಯೇ. ಮುಂದೆ ಹೊಯ್ಸಳ ವಿಷ್ಣುವರ್ಧನನಿಗೆ ಇದು ನೆಲೆವೀಡಾಯಿತು. ಬಿಜಾಪುರದ ಆದಿಲಶಾಹಿಗಳಿಗೆ, ಸವಣೂರಿನ ನವಾಬರಿಗೆ ಠಾಣ್ಯವಾಯಿತು.

ಅರಸರು ಹೋದರು. ಕೋಟೆಯ ಬಯಲು ಖಿಲಾರಿ ದನಗಳ ತಳಿಸಂವರ್ಧನೆಗೆ ಒದಗಿತು. ಶತ್ರುಗಳನ್ನು ತಡೆಯಲು ತೋಡಿದ ಕಂದಕದ ಪೊದೆಗಳಲ್ಲಿ ನವಿಲುಗಳು ನೆಲೆಸಿದವು. 2006ರಲ್ಲಿ ಅದು ನವಿಲುಧಾಮವೆಂದು ಘೋಷಿತವಾಯಿತು. ಮನುಷ್ಯರನ್ನು ದೂರವಿರಿಸಲು ಹುಟ್ಟಿದ ಕಂದಕವು ಇಂದು ಅದೇ ಕೆಲಸವನ್ನು ಹಕ್ಕಿಗಳ ಸಲುವಾಗಿ ಮಾಡುತ್ತಿದೆ.

ಇದು ಸಂತೋಷದ ಸಂಗತಿಯೇ ಸರಿ. ಆದರೂ ನವಿಲನ್ನು ನೋಡಬಂದವರು ಕೋಟೆಯೊಳಗಿನ ನಗರೇಶ್ವರ ದೇಗುಲದ ಅರವತ್ತು ಕಂಬಗಳ ನಡುವೆಯೂ ತುಸು ಹೊತ್ತು ನಿಲ್ಲಬೇಕು. ಹೊಸ ಉಪಯೋಗವು ಕೋಟೆಯ ನೆಲವನ್ನು ಕಾಯಬಲ್ಲದು. ಅಜಿತಸೇನರ ಬಂಕಾಪುರವನ್ನು ಕಾಯಬೇಕಾದವರು ಕನ್ನಡವನ್ನೋದುವ ನಾವು.