ಹುಣಸೂರು ಕೃಷ್ಣಮೂರ್ತಿ: ವೀರನನ್ನು ಹಂಗಿಸುವ ಚಿತ್ರಕಥೆ

ಹನಗೋಡು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ನಾಟಕ ಕಟ್ಟುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಗದೆ ಹೊತ್ತು ಬಂದವನಿಗಿಂತ, ಅವನೆದುರು ನಿಂತು ಹಂಗಿಸುವವನಿಗೆ ಶಿಳ್ಳೆ ಹೆಚ್ಚು. ಹಾರ್ಮೋನಿಯಂ ಮೇಷ್ಟ್ರು ಪಾತ್ರಧಾರಿಗಳನ್ನು ಕೂರಿಸಿಕೊಂಡು ಮತ್ತೆ ಮತ್ತೆ ತಿದ್ದುವುದೂ ಈ ಸವಾಲು–ಜವಾಬುಗಳನ್ನೇ. ಹುಣಸೂರು ಕೃಷ್ಣಮೂರ್ತಿಯವರ (1914–1989) ಚಿತ್ರಕಥೆಗಳನ್ನು ಈ ದಾರಿಯಿಂದಲೇ ಪ್ರವೇಶಿಸಬೇಕು ಎಂಬುದು ಈ ಟಿಪ್ಪಣಿಯ ವಾದ. ಅವರನ್ನು ಪೌರಾಣಿಕ ಚಿತ್ರಗಳ ನಿರ್ದೇಶಕರೆಂದು ಒಂದು ಮಾತಿನಲ್ಲಿ ಮುಗಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅದರಿಂದ ಬರಹಗಾರ ಕೃಷ್ಣಮೂರ್ತಿಗೆ ಅನ್ಯಾಯವಾಗಿದೆ.

ಅವರು ವೃತ್ತಿ ರಂಗಭೂಮಿಯಿಂದ ಸಿನಿಮಾಕ್ಕೆ ಬಂದವರು. ಕಂಪನಿ ನಾಟಕದ ಕವಿ ಎಲ್ಲ ಕೆಲಸಕ್ಕೂ ಕೈ ಹಾಕಬೇಕಿತ್ತು. ಕಥೆ ಹೊಸೆಯಬೇಕು, ಮಾತು ಬರೆಯಬೇಕು, ಮಟ್ಟಿಗೆ ಪದ ಕೂರಿಸಬೇಕು, ಬೇಕಾದರೆ ಬಣ್ಣವನ್ನೂ ಹಚ್ಚಬೇಕು. ಕೃಷ್ಣಮೂರ್ತಿ ಸಿನಿಮಾದಲ್ಲೂ ಸಂಭಾಷಣೆ, ಹಾಡು, ನಿರ್ದೇಶನ, ನಟನೆ ಎಲ್ಲವನ್ನೂ ಮಾಡಿದರು. 1958ರ ‘ಶ್ರೀಕೃಷ್ಣ ಗಾರುಡಿ’ಯಿಂದ ನಿರ್ದೇಶಕರಾಗಿ, 1962ರಲ್ಲಿ ‘ರತ್ನಮಂಜರಿ’ಯಂಥ ಜಾನಪದ ಕಲ್ಪನೆಯ ಚಿತ್ರವನ್ನೂ 1964ರಲ್ಲಿ ‘ವೀರ ಸಂಕಲ್ಪ’ವನ್ನೂ ಕೊಟ್ಟರು. ಅವರ ಸೋದರಳಿಯ, ಹುಣಸೂರಿನಲ್ಲೇ ಹುಟ್ಟಿದ ದ್ವಾರಕೀಶ್ ಮೊದಲು ತೆರೆಗೆ ಬಂದದ್ದು ‘ವೀರ ಸಂಕಲ್ಪ’ದಲ್ಲಿ. ಮುಂದೆ ಹೆಸರಾಂತ ನಿರ್ದೇಶಕರಾದ ಭಾರ್ಗವ ಕೂಡ ಕೃಷ್ಣಮೂರ್ತಿಯವರ ಗರಡಿಯಲ್ಲೇ ಪಳಗಿದವರು.

ಈ ವೃತ್ತಿಜೀವನದ ಎತ್ತರ ಕಾಣುವುದು 1965ರ ‘ಸತ್ಯ ಹರಿಶ್ಚಂದ್ರ’ ಮತ್ತು 1977ರ ‘ಬಭ್ರುವಾಹನ’ದಲ್ಲಿ. ನಡುವೆ 1974ರ ‘ಭಕ್ತ ಕುಂಬಾರ’ ಇದೆ. ಅದರ ಹಾಡುಗಳ ಬಗ್ಗೆಯೇ ಬೇರೊಂದು ಲೇಖನ ಬರೆಯಬಹುದಾದ್ದರಿಂದ ಇಲ್ಲಿ ಬದಿಗಿಡುತ್ತೇನೆ.

‘ಸತ್ಯ ಹರಿಶ್ಚಂದ್ರ’ವನ್ನು ನಿರ್ಮಿಸಿದವರು ಕೆ.ವಿ. ರೆಡ್ಡಿ. ಅದೇ ವರ್ಷ ಅವರು ಎನ್.ಟಿ. ರಾಮರಾವ್ ಅವರನ್ನಿಟ್ಟು ತೆಲುಗಿನಲ್ಲೂ ಇದೇ ಕಥೆಯನ್ನು ತೆರೆಗೆ ತಂದರು. ಕನ್ನಡದಲ್ಲಿ ರಾಜಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ. ನನ್ನ ಗಮನ ಹೋಗುವುದು ಇನ್ನಿಬ್ಬರ ಕಡೆಗೆ: ನರಸಿಂಹರಾಜು ಅವರ ನಕ್ಷತ್ರಿಕ, ಎಂ.ಪಿ. ಶಂಕರ್ ಅವರ ವೀರಬಾಹು. ರಾಘವಾಂಕನ ಕಾಲದಿಂದ ಕನ್ನಡಿಗರಿಗೆ ಪರಿಚಿತವಾದ ಈ ಕಥೆಯಲ್ಲಿ ದೊರೆಯ ಸತ್ಯವನ್ನು ಪರೀಕ್ಷೆ ಮಾಡುವವರು ಋಷಿಗಳು. ಆದರೆ ಕೃಷ್ಣಮೂರ್ತಿಯವರ ಬರವಣಿಗೆಯಲ್ಲಿ ದೊರೆಯನ್ನು ನಿಜವಾಗಿ ಕಾಡುವವನು ಸಾಲ ವಸೂಲಿಗೆ ಬೆನ್ನು ಬಿದ್ದ ನಕ್ಷತ್ರಿಕ. ಅವನ ಒಂದೊಂದು ಚೇಷ್ಟೆಗೂ ಜನ ನಗುತ್ತಾರೆ, ನಗುತ್ತಲೇ ದೊರೆಯ ಪಾಡಿಗೆ ಮರುಗುತ್ತಾರೆ. ಸ್ಮಶಾನದೊಡೆಯ ವೀರಬಾಹುವಿನ ಬಾಯಿಗೆ ಕೃಷ್ಣಮೂರ್ತಿ ಕೊಟ್ಟ ಹಾಡು ಘಂಟಸಾಲ ಅವರ ಕಂಠದಲ್ಲಿ ಇಂದಿಗೂ ನಾಡಿನಲ್ಲಿ ಓಡಾಡುತ್ತಿದೆ. ಕುಲದ ಮೇಲುಕೀಳನ್ನು ಅದು ನೇರವಾಗಿ ಪ್ರಶ್ನಿಸುತ್ತದೆ. ಆ ಪ್ರಶ್ನೆಯನ್ನು ರಾಜನಿಂದಲೋ ಋಷಿಯಿಂದಲೋ ಕೇಳಿಸದೆ, ರಾಜನನ್ನು ಕೊಂಡ ಸುಡುಗಾಡಿನವನಿಂದ ಕೇಳಿಸಿದ್ದು ಬರಹಗಾರನ ನಿರ್ಧಾರ. ಅಲ್ಲಿ ಸಿಂಹಾಸನದ ಮಾತಿಗೆ ಬೆಲೆಯಿಲ್ಲ, ಬೂದಿಯ ಮೇಲೆ ನಿಂತವನ ಮಾತಿಗಿದೆ. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. 2008ರಲ್ಲಿ ಬಣ್ಣ ತುಂಬಿಸಿ ಮತ್ತೆ ಬಿಡುಗಡೆ ಮಾಡಿದರು.

‘ಬಭ್ರುವಾಹನ’ದಲ್ಲಿ ಈ ಕಸುಬು ಇನ್ನೂ ಹರಿತವಾಗಿದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಬಲ್ಲವರಿಗೆ ಪ್ರಸಂಗ ಹೊಸದಲ್ಲ. ಅಶ್ವಮೇಧದ ಕುದುರೆಯನ್ನು ಕಟ್ಟಿದ ಮಣಿಪುರದ ಬಭ್ರುವಾಹನ, ಬಂದವನು ತನ್ನ ತಂದೆ ಅರ್ಜುನನೇ ಎಂದು ತಿಳಿದು ಕಪ್ಪಕಾಣಿಕೆಗಳೊಡನೆ ಬಂದು ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದೆಯುತ್ತಾನೆ, ನನಗೆ ಹುಟ್ಟಿದವನಲ್ಲ ಎಂದು ಹಳಿಯುತ್ತಾನೆ. ಅಲ್ಲಿಂದ ಯುದ್ಧ. ಚಿತ್ರದಲ್ಲಿ ಅರ್ಜುನನೂ ಬಭ್ರುವಾಹನನೂ ರಾಜಕುಮಾರ್ ಅವರೇ. ರಣರಂಗದಲ್ಲಿ ಅಪ್ಪ–ಮಗ ಎದುರುಬದುರಾದಾಗ ಬರುವ ಯುಗಳಗೀತೆಯನ್ನು ಬರೆದವರು ಕೃಷ್ಣಮೂರ್ತಿ, ಸಂಗೀತ ಟಿ.ಜಿ. ಲಿಂಗಪ್ಪ. ಒಬ್ಬನೇ ನಟನ ಎರಡು ಪಾತ್ರಗಳಿಗೆ ರಾಜಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಅವರ ಎರಡು ಕಂಠ.

ಈ ಗೀತೆಯನ್ನು ಹಾಡೆಂದು ಕೇಳುವ ಬದಲು ದೃಶ್ಯವೆಂದು ಓದಿನೋಡಬೇಕು. ಮಗ ಹೊಗಳುವವನ ಧಾಟಿಯಲ್ಲೇ ಮೂದಲಿಕೆ ಶುರು ಮಾಡುತ್ತಾನೆ. ಲೋಕವೆಲ್ಲ ಕೊಂಡಾಡುವ ಪರಾಕ್ರಮಕ್ಕೆ ವಿರಾಟನ ಮನೆಯ ಬೃಹನ್ನಳೆ ವೇಷವನ್ನು ಎದುರಿಡುತ್ತಾನೆ. ಅಪ್ಪನೂ ಬಿಡುವವನಲ್ಲ, ಮಾತಿಗೆ ಮಾತು ಜೋಡಿಸುತ್ತಾನೆ. ಪ್ರಾಸ ಬಿಗಿಯಾದಂತೆ ಸಿಟ್ಟೂ ಬಿಗಿಯಾಗುತ್ತ ಹೋಗುತ್ತದೆ. ಎಲ್ಲೂ ಕಥೆ ನಿಂತು ಹಾಡಿಗೆ ಜಾಗ ಬಿಟ್ಟುಕೊಡುವುದಿಲ್ಲ, ಬಾಣ ಹೂಡುವ ಮೊದಲಿನ ಅಷ್ಟೂ ನಾಟಕ ಆ ಸಾಲುಗಳಲ್ಲೇ ನಡೆದುಹೋಗುತ್ತದೆ. ಸಂಭಾಷಣೆಯನ್ನೂ ಗೀತೆಯನ್ನೂ ಒಂದೇ ಕೈ ಬರೆದಾಗ ಮಾತ್ರ ಸಿಗುವ ಹದ ಇದು. ಕನ್ನಡ ಚಿತ್ರರಂಗದಲ್ಲಿ ಇಷ್ಟು ಅಡಕವಾದ ಕಾಳಗದ ದೃಶ್ಯ ಇನ್ನೊಂದಿಲ್ಲ ಎಂದು ನಾನು ತಿಳಿದಿದ್ದೇನೆ.

ಇಲ್ಲಿ ಜಪಾನಿನ ಒಬ್ಬ ಬರಹಗಾರನನ್ನು ನೆನೆಯುವುದು ಉಪಯುಕ್ತ. ಮಸಾರು ಇಗಾಮಿ (1931–1991) ಅಲ್ಲಿನ ಟೆಲಿವಿಷನ್ನಿನಲ್ಲಿ ಮಕ್ಕಳ ವೀರಕಥೆಗಳನ್ನು ಬರೆದೇ ಬಾಳಿದವರು. 1967ರಲ್ಲಿ ಶುರುವಾಗಿ 26 ಕಂತು ನಡೆದ ‘ಜೈಂಟ್ ರೋಬೋ’ಗೆ ಅವರು ಪ್ರಮುಖ ಚಿತ್ರಕಥೆಗಾರ. 1980ರ ದಶಕದಲ್ಲಿ ದೂರದರ್ಶನದಲ್ಲಿ ‘ಜೈಂಟ್ ರೋಬೋಟ್’ ನೋಡಿದ ನಮ್ಮ ಕಡೆಯ ಮಕ್ಕಳು, ಕೈಗಡಿಯಾರಕ್ಕೆ ಬಾಯಿಟ್ಟು ಯಂತ್ರರಾಕ್ಷಸನಿಗೆ ಅಪ್ಪಣೆ ಕೊಡುವ ಹುಡುಗನ ಆಟವನ್ನು ಬೀದಿಯಲ್ಲಿ ಆಡಿದ್ದುಂಟು. 1971ರ ‘ಕಾಮೆನ್ ರೈಡರ್’ನ ಮೊದಲ ಕಂತೂ ಇಗಾಮಿಯವರದೇ. ಅದರ ನಾಯಕನನ್ನು ಹಿಡಿದು, ಮೈಯನ್ನೇ ಬದಲಿಸಿ ಅವನಿಗೆ ಶಕ್ತಿ ಕೊಟ್ಟದ್ದು ‘ಶಾಕರ್’ ಎಂಬ ದುಷ್ಟಕೂಟ. ಅವನು ತಪ್ಪಿಸಿಕೊಂಡು ಅದೇ ಶಕ್ತಿಯಿಂದ ಅದೇ ಕೂಟದ ವಿರುದ್ಧ ಹೋರಾಡುತ್ತಾನೆ. ಎದುರಿಗೆ ಬರುವವರೆಲ್ಲ ಅವನಂತೆಯೇ ಅಲ್ಲಿ ರೂಪುಗೊಂಡವರು.

ಒಬ್ಬರನ್ನು ಇನ್ನೊಬ್ಬರು ಓದಿದ್ದರೆಂದಾಗಲಿ, ಪ್ರಭಾವವಿತ್ತೆಂದಾಗಲಿ ನಾನು ಹೇಳುತ್ತಿಲ್ಲ. ಇಬ್ಬರ ಕೈಗೂ ಬಂದದ್ದು ಒಂದೇ ತೊಡಕು: ಸೋಲದ ವೀರನ ಕಥೆಯಲ್ಲಿ ನೋಡುವವನ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಹೇಗೆ? ಹೊರಗಿನ ಶತ್ರುವನ್ನು ಎಷ್ಟು ದೊಡ್ಡವನನ್ನಾಗಿ ಮಾಡಿದರೂ ಸಾಲದು. ಇಗಾಮಿ ಶತ್ರುವನ್ನು ವೀರನ ಮೈಯೊಳಗೇ ತಂದಿಟ್ಟರು. ಕೃಷ್ಣಮೂರ್ತಿ ಅವನ ರಕ್ತದಲ್ಲಿಟ್ಟರು, ಬಾಗಿಲಿಗೆ ಬಂದ ವಸೂಲಿಗಾರನಲ್ಲಿಟ್ಟರು. ಬೇರೆ ರೀತಿಯ ಹೋಲಿಕೆಯೂ ಒಂದಿದೆ. ಇಗಾಮಿಯವರ ಮಗ ತೋಶಿಕಿ ಇನೊವೆ ಅಪ್ಪನ ಕಸುಬನ್ನೇ ಹಿಡಿದು, 2001ರ ‘ಕಾಮೆನ್ ರೈಡರ್ ಅಗಿಟೊ’ಗೆ ಮುಖ್ಯ ಬರಹಗಾರರಾದರು. ಹುಣಸೂರಿನ ಮನೆತನದಲ್ಲಿ ಕಸುಬು ಸೋದರಳಿಯನಿಗೆ ಇಳಿಯಿತು, ಆದರೆ ನಟನೆ ಮತ್ತು ನಿರ್ಮಾಣಗಳಾಗಿ. ಬರವಣಿಗೆಯ ಎಳೆ ಹಾಗೆ ಮುಂದುವರಿಯಲಿಲ್ಲ.

ಕೃಷ್ಣಮೂರ್ತಿಯವರ ಬರಹವನ್ನು ಓದಲು ನಮಗಿರುವ ಆಕರ ಚಲನಚಿತ್ರಗಳೇ. ಹಿಂದೆ ಟೆಂಟಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಹಾಡುಗಳಷ್ಟೇ ಪೂರ್ತಿ ಇರುತ್ತಿದ್ದವು. ಕಥಾಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದುಬಿಡುತ್ತಿದ್ದರು. ಸಂಭಾಷಣೆ ಅವುಗಳಲ್ಲಿ ಸಿಗುವುದಿಲ್ಲ. ಆದ್ದರಿಂದ ‘ಸತ್ಯ ಹರಿಶ್ಚಂದ್ರ’ ಮತ್ತು ‘ಬಭ್ರುವಾಹನ’ಗಳ ಮಾತನ್ನು ತೆರೆಯಿಂದಲೇ ಕೇಳಿ ಬರೆದುಕೊಂಡು, ರಾಘವಾಂಕ ಮತ್ತು ಲಕ್ಷ್ಮೀಶರ ಪಾಠಗಳ ಪಕ್ಕದಲ್ಲಿಟ್ಟು ಒಂದು ಆವೃತ್ತಿ ತರಬೇಕು. ಎಲ್ಲಿ ಕಾವ್ಯದ ಮಾತು ಉಳಿದಿದೆ, ಎಲ್ಲಿ ಕಂಪನಿ ನಾಟಕದ ವರಸೆ ಬಂದಿದೆ, ಎಲ್ಲಿ ಹುಣಸೂರು ಸೀಮೆಯ ಆಡುನುಡಿ ನುಸುಳಿದೆ ಎಂಬುದು ಆಗ ಸಾಲುಸಾಲಾಗಿ ತಿಳಿಯುತ್ತದೆ. ಮೊದಲು ಕೈಗೆತ್ತಿಕೊಳ್ಳಬೇಕಾದವು ನಕ್ಷತ್ರಿಕ ಮತ್ತು ವೀರಬಾಹು ಬರುವ ದೃಶ್ಯಗಳು.