‘ನೆಟ್ ಇಲ್ರಿ’ ಅಂದಾಗ ದೋಷ ಯಾರ ಕಡೆ? ಲೂಪ್‌ಬ್ಯಾಕ್ ಟೆಸ್ಟ್ ಬಗ್ಗೆ ತಿಳಿದಿರಲಿ

ಆಳಂದ/ಅಫಜಲಪುರ/ಜೇವರ್ಗಿ: ಬ್ಯಾಂಕ್ ಕೌಂಟರ್‌ನಲ್ಲಿ, ನಾಡಕಚೇರಿಯಲ್ಲಿ, ರೇಷನ್ ಅಂಗಡಿ ಮುಂದೆ ನಮ್ಮ ಜನ ಮತ್ತೆ ಮತ್ತೆ ಕೇಳುವ ಮಾತು ‘ನೆಟ್ ಇಲ್ರಿ, ನಾಳಿ ಬರ್ರಿ’. ಹಳ್ಳಿಯಿಂದ ಕೂಲಿ ಬಿಟ್ಟು ಬಸ್ ಹಿಡಿದು ಬಂದವರಿಗೆ ಆ ‘ನಾಳಿ’ ಅಂದ್ರೆ ಇನ್ನೊಂದು ದಿನದ ಕೂಲಿ ಹೋದಂತೆ. ಕಚೇರಿಯವರನ್ನು ಕೇಳಿದ್ರೆ ‘ಕಂಪನಿ ಲೈನ್ ಕೆಟ್ಟದ’ ಅಂತಾರೆ. ಕಂಪನಿಯವರು ‘ಲೈನ್ ಸರಿ ಅದ, ನಿಮ್ಮ ರೂಟರ್ ನೋಡ್ಕೊಳ್ರಿ’ ಅಂತಾರೆ. ಈ ಜಗಳ ಬಿಡಿಸಲು ದೂರಸಂಪರ್ಕದವರ ಬಳಿ ಹಳೇ ಉಪಾಯ ಒಂದಿದೆ. ಅದೇ ಲೂಪ್‌ಬ್ಯಾಕ್ ಟೆಸ್ಟ್.

ಬಾವಿಯಿಂದ ಹೊಲಕ್ಕೆ ಹಾಕಿದ ಪೈಪ್‌ಲೈನ್‌ನಲ್ಲಿ ನೀರು ಬರದಿದ್ರೆ ರೈತ ಇಡೀ ಪೈಪ್ ಅಗೆಯಲ್ಲ. ಒಂದೊಂದೇ ವಾಲ್ವ್ ಬಿಚ್ಚಿ ನೀರು ಎಲ್ಲಿವರೆಗೆ ಬಂದದ ನೋಡ್ತಾನೆ. ಇದೂ ಅದೇ ಲೆಕ್ಕ. ಸರ್ಕ್ಯೂಟ್‌ನಲ್ಲಿ ಕಳಿಸುವ ದಾರಿ ಒಂದು, ಬರುವ ದಾರಿ ಒಂದು. ಆಚೆ ತುದಿಯಲ್ಲಿ ಈ ಎರಡನ್ನೂ ಒಂದಕ್ಕೊಂದು ಜೋಡಿಸಿದ್ರೆ ಈಚೆಯಿಂದ ಕಳಿಸಿದ ಸಿಗ್ನಲ್ ತಿರುಗಿ ಈಚೆಗೇ ಬರುತ್ತದೆ. ಕಳಿಸಿದ್ದು ಹಾಗೇ ವಾಪಸ್ ಬಂತಾ? ಹಾಗಾದ್ರೆ ಅಲ್ಲಿವರೆಗಿನ ದಾರಿ ಸರಿ ಇದೆ.

ಕಲಬುರಗಿಯಿಂದ ಜೇವರ್ಗಿಯ ಬ್ಯಾಂಕ್ ಶಾಖೆಯೊಂದಕ್ಕೆ ಲೀಸ್ಡ್ ಲೈನ್ ಇದೆ, ಅದು ಬಂದ್ ಬಿದ್ದಿದೆ ಅಂದುಕೊಳ್ಳಿ. ಮೊದಲ ಲೂಪ್ ಕಲಬುರಗಿಯ ಯಂತ್ರದ ಪೋರ್ಟ್‌ನಲ್ಲೇ. ಸಿಗ್ನಲ್ ಬಂದ್ರೆ ಯಂತ್ರ ಸರಿ. ಎರಡನೇದು ಜೇವರ್ಗಿ ಎಕ್ಸ್‌ಚೇಂಜ್‌ನಲ್ಲಿ. ಅಲ್ಲಿಂದಲೂ ಬಂದ್ರೆ ಭೀಮಾ ನದಿ ದಾಟಿ ಬರುವ ಉದ್ದದ ಫೈಬರ್ ಸರಿ ಇದೆ, ದಾರಿಯುದ್ದಕ್ಕೂ ಹುಡುಕುತ್ತ ಹೋಗುವ ಕೆಲಸ ಉಳೀತು. ಮೂರನೇದು ಶಾಖೆಯ ಮೋಡೆಮ್‌ನಲ್ಲಿ. ಎರಡನೇದು ಬಂದು ಮೂರನೇದು ಬರಲಿಲ್ಲ ಅಂದ್ರೆ ದೋಷ ಎಕ್ಸ್‌ಚೇಂಜ್ ಮತ್ತು ಶಾಖೆಯ ನಡುವೆ, ಊರೊಳಗೇ. ಮೂರೂ ಬಂದು ಕೌಂಟರ್ ಮಾತ್ರ ನಡೀತಿಲ್ಲ ಅಂದ್ರೆ ರೂಟರ್ ಇಲ್ಲವೇ ಒಳಗಿನ ಕೇಬಲ್ ನೋಡಬೇಕು, ಅದು ಶಾಖೆಯವರ ಪಾಲು. ಹೆಚ್ಚಿನ ಯಂತ್ರಗಳಲ್ಲಿ ಈ ಲೂಪ್ ಅನ್ನು ಕಂಪ್ಯೂಟರ್ ಮುಂದೆ ಕೂತೇ ಹಾಕಬಹುದು.

ಸಿಗ್ನಲ್ ‘ಬಂತು’ ಅಂದ್ರೆ ಸಾಲದು, ತಪ್ಪಿಲ್ಲದೆ ಬರಬೇಕು. ಇ1 ಅನ್ನುವ ಹಳೇ ಮಾದರಿ ಸರ್ಕ್ಯೂಟ್‌ನ ವೇಗ ಸೆಕೆಂಡಿಗೆ 2.048 ಮೆಗಾಬಿಟ್. 15 ನಿಮಿಷ ಪರೀಕ್ಷೆ ನಡೆಸಿದ್ರೆ ಸುಮಾರು 184 ಕೋಟಿ ಬಿಟ್ ಹೋಗಿ ಬರುತ್ತವೆ. ಅದರಲ್ಲಿ ಎಷ್ಟು ಕೆಟ್ಟು ಬಂದವು ಅಂತ ಮೀಟರ್ ಎಣಿಸುತ್ತದೆ. ಲೈನ್ ಇದ್ದೂ ಕೆಲಸ ನಿಧಾನ ಆಗುವ ಕಾಯಿಲೆ ಸಿಕ್ಕಿಬೀಳುವುದು ಇಲ್ಲೇ. ಆದ್ರೆ ಟೆಸ್ಟ್ ನಡೆಯುವಾಗ ಆ ಸರ್ಕ್ಯೂಟ್‌ನಲ್ಲಿ ಬೇರೆ ಕೆಲಸ ನಡೆಯಲ್ಲ. ಅರ್ಧಂಬರ್ಧ ನಡೀತಿರೋ ಲೈನ್ ಆದ್ರೆ ಕೌಂಟರ್ ಮುಚ್ಚಿದ ಮೇಲೆ ಮಾಡುವುದು ಒಳ್ಳೇದು. ಇನ್ನೊಂದು ಮಾತು, ಮಧ್ಯಾಹ್ನ ಬಿಸಿಲಿಗೆ ಮಾತ್ರ ಕೈಕೊಡುವ ಲೈನ್ ಮುಂಜಾನೆ 7ಕ್ಕೆ ಟೆಸ್ಟ್ ಮಾಡಿದ್ರೆ ಸರಿ ಅಂತಲೇ ತೋರಿಸ್ತದೆ. ಕೆಡುವ ಹೊತ್ತಿಗೇ ಟೆಸ್ಟ್ ಆಗಬೇಕು.

ಲೂಪ್‌ಬ್ಯಾಕ್‌ಗೂ ಮಿತಿ ಇದೆ. ಹೋಗುವ ದಾರಿ ಕೆಟ್ಟದೋ ಬರುವ ದಾರಿ ಕೆಟ್ಟದೋ ಅಂತ ಅದು ಬಿಡಿಸಿ ಹೇಳಲ್ಲ. ಜೆಸಿಬಿ ಫೈಬರ್ ಕತ್ತರಿಸಿದ ಜಾಗ ಎಷ್ಟು ಕಿ.ಮೀ.ನಲ್ಲಿದೆ ಅಂತಲೂ ಹೇಳಲ್ಲ. ಅದಕ್ಕೆ ಓಟಿಡಿಆರ್ ಅನ್ನುವ ಬೇರೆ ಉಪಕರಣ ಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಬೆಳಕು ತಿರುಗಿ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕ್ತಾರೆ. ಆಚೆ ತುದಿಯಲ್ಲಿ ಕರೆಂಟೇ ಇಲ್ಲ, ಬ್ಯಾಟರಿಯೂ ಇಳಿದಿದೆ ಅಂದ್ರೆ ಅಲ್ಲಿನ ಯಂತ್ರ ಲೂಪ್ ಆದೇಶವನ್ನೇ ತಗೊಳ್ಳಲ್ಲ. ಹಾಗಾಗಿ ‘ಲೈಟ್ ಅದಾವೇನ್ರಿ?’ ಅಂತ ಮೊದಲು ಕೇಳುವ ಲೈನ್‌ಮನ್ ಮೇಲೆ ಸಿಟ್ಟಾಗಬೇಡಿ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2011ರ ಅಕ್ಟೋಬರ್‌ನಲ್ಲಿ, ಈಗ ಅದು ಭಾರತ್‌ನೆಟ್. ಅಂಗಡಿ ಮನೆಗಳಿಗೂ ಫೈಬರ್ ಬಂದಿದೆ. ಈ ಸಂಪರ್ಕದಲ್ಲಿ ಸಾಮಾನ್ಯವಾಗಿ ಒಂದೇ ಎಳೆಯಲ್ಲಿ ಎರಡು ಬಣ್ಣದ ಬೆಳಕು, ಬರುವುದು 1490 ನ್ಯಾನೋಮೀಟರ್, ಹೋಗುವುದು 1310. ಹಾಗಾಗಿ ತುದಿ ಜೋಡಿಸುವ ಲೂಪ್ ಇಲ್ಲಿ ನಡೆಯಲ್ಲ. ಫೈಬರ್ ಬಿಚ್ಚಿ ಕಣ್ಣಿಗೆ ಹಿಡಿದು ನೋಡಲೂಬೇಡಿ. ಆ ಬೆಳಕು ಕಣ್ಣಿಗೆ ಕಾಣಲ್ಲ, ಕಣ್ಣಿಗೆ ಅಪಾಯ.

ಅಂಗಡಿಯವರು ತಾವೇ ಮಾಡಬಹುದಾದ್ದು ಇಷ್ಟು. ಬಾಕ್ಸ್ ಮೇಲೆ ಎಲ್‌ಓಎಸ್ ಲೈಟ್ ಕೆಂಪಗಾಗಿದ್ರೆ ಬೆಳಕು ನಿಮ್ಮವರೆಗೆ ಬರುತ್ತಿಲ್ಲ, ಕಂಪನಿಗೆ ದೂರು ಕೊಡಿ. ಕೆಂಪು ಇಲ್ಲದಿದ್ರೆ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 127.0.0.1ಕ್ಕೆ ಪಿಂಗ್ ಮಾಡಿ. ಇದು ಲೂಪ್‌ಬ್ಯಾಕ್ ವಿಳಾಸ, ಕಂಪ್ಯೂಟರ್ ತನ್ನನ್ನೇ ಕರೆದು ನೋಡಿಕೊಳ್ಳುತ್ತದೆ. ಉತ್ತರ ಬಂದ್ರೆ ಒಳಗಿನ ಸಾಫ್ಟ್‌ವೇರ್ ಸರಿ ಅಂತಷ್ಟೇ, ಕೇಬಲ್ ಸರಿ ಅಂತಲ್ಲ. ಮುಂದೆ ರೂಟರ್ ಚೀಟಿ ಮೇಲಿರುವ ವಿಳಾಸಕ್ಕೆ, ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ. ರೂಟರ್‌ವರೆಗೆ ಬಂದು ಮುಂದಿನದು ಬರದಿದ್ರೆ ಅದನ್ನೇ ದೂರಿನಲ್ಲಿ ಬರೆಸಿ, ದೂರಿನ ಡಾಕೆಟ್ ನಂಬರ್ ಇಟ್ಕೊಳ್ಳಿ. ಲೀಸ್ಡ್ ಲೈನ್ ಇರುವ ಕಚೇರಿಯವರು ‘ಲೂಪ್ ಎಲ್ಲಿವರೆಗೆ ಬಂತು?’ ಅಂತ ಕೇಳಿ ಉತ್ತರ ಬರೆದಿಟ್ಟುಕೊಳ್ಳಬೇಕು. ‘ನೋಡ್ತೀವಿ’ ಅನ್ನೋದು ಉತ್ತರ ಅಲ್ಲ.

ಟೆಸ್ಟ್ ಮುಗಿದ ಮೇಲೆ ಲೂಪ್ ತೆಗೆಯಲೇಬೇಕು. ತೆಗೆಯದೆ ಬಿಟ್ರೆ ಲೈನ್ ಜೀವಂತ ಇದ್ದಂತೆ ಕಾಣ್ತದೆ, ಆದ್ರೆ ತನ್ನ ದನಿಯೇ ತನಗೆ ಕೇಳಿಸ್ತಿರ್ತದೆ. ಅಂಗಡಿಯ ನೆಟ್‌ವರ್ಕ್ ಸ್ವಿಚ್‌ನಲ್ಲೂ ನೋಡಿ. ಒಂದೇ ಕೇಬಲ್‌ನ ಎರಡೂ ತುದಿ ಅದೇ ಡಬ್ಬಿಗೆ ಸಿಕ್ಕಿಸಿದ್ರೆ ಸಾಧಾರಣ ಸ್ವಿಚ್‌ನಲ್ಲಿ ಡೇಟಾ ಸುತ್ತಿ ಸುತ್ತಿ ತುಂಬಿಕೊಂಡು ಬಿಲ್ಲಿಂಗ್, ಕ್ಯಾಮೆರಾ ಎಲ್ಲಾ ಒಟ್ಟಿಗೇ ನಿಲ್ತವೆ. ಆ ಕೇಬಲ್ ಕಿತ್ತರೆ ಸಾಕು.